ತಿರುಗುವ ಪ್ರಾಡಕ್ಟ್ ಚಿತ್ರ: ಕೋಡ್ ಚಿಕ್ಕದು, ಉಳಿದದ್ದೇ ಕೆಲಸ

ಆನ್‌ಲೈನ್ ಅಂಗಡಿಯ ಪುಟದಲ್ಲಿ ಬೆರಳಿಟ್ಟು ಎಳೆದರೆ ವಸ್ತು ಸುತ್ತ ತಿರುಗುತ್ತದಲ್ಲ, ಅದರ ಹಿಂದೆ ಸಾಮಾನ್ಯವಾಗಿ ತ್ರೀಡಿ ಏನೂ ಇರುವುದಿಲ್ಲ. ವಸ್ತುವನ್ನು ಇಷ್ಟಿಷ್ಟೇ ತಿರುಗಿಸಿ ತೆಗೆದ 36 ಫೋಟೋಗಳು, ಬೆರಳು ಸರಿದ ಹಾಗೆ ಅವನ್ನು ಬದಲಿಸುವ ಒಂದಷ್ಟು ಸಾಲು ಜಾವಾಸ್ಕ್ರಿಪ್ಟ್, ಅಷ್ಟೇ. ಆಪಲ್ 1995ರಲ್ಲಿ ತಂದ ಕ್ವಿಕ್‌ಟೈಮ್ ವಿಆರ್‌ನಲ್ಲೂ ಇದೇ ತಂತ್ರವಿತ್ತು. ಎಲ್ಲರೂ ಮೊದಲು ಪ್ಲಗಿನ್ ಹುಡುಕುತ್ತಾರೆ. ಕೆಲಸ ಕೆಡುವುದು ಮಾತ್ರ ಹೆಚ್ಚಾಗಿ ಫೋಟೋ ತೆಗೆಯುವಾಗ, ಆಮೇಲೆ ಲೋಡ್ ಮಾಡಿಸುವಾಗ.

36 ಫ್ರೇಮ್ ಅಂದರೆ ಪ್ರತಿ 10 ಡಿಗ್ರಿಗೆ ಒಂದು. 24 ಇಟ್ಟರೆ 15 ಡಿಗ್ರಿ. ದುಂಡನೆಯ ವಸ್ತುವಿಗೆ ಸಾಕು, ಚೂಪು ಅಂಚಿನದು ಕುಪ್ಪಳಿಸಿದಂತೆ ಕಾಣುತ್ತದೆ. 72 ಫ್ರೇಮ್ ಇಟ್ಟರೆ ಡೌನ್‌ಲೋಡ್ ಎರಡರಷ್ಟಾಗುತ್ತದೆ, ನೋಡುವವರಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಕ್ಯಾಮೆರಾ ಟ್ರೈಪಾಡ್ ಮೇಲೆ, ವಸ್ತು ಟರ್ನ್‌ಟೇಬಲ್ ಮೇಲೆ, ದೀಪಗಳು ಇದ್ದಲ್ಲೇ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಮ್ಯಾನುಯಲ್. ಒಂದು ಆಟೋದಲ್ಲಿ ಉಳಿದರೂ ತಿರುಗುವಾಗ ಚಿತ್ರ ಮಿಣುಕುತ್ತದೆ. ಅಗ್ಗದ ಎಲ್‌ಇಡಿ ದೀಪಗಳು ಕರೆಂಟಿನ ಲಯಕ್ಕೆ ಮಿನುಗುವುದರಿಂದ ಶಟರ್ ಸೆಕೆಂಡಿನ 1/25ಕ್ಕಿಂತ ನಿಧಾನವಾಗಿರಲಿ. ಟ್ರೈಪಾಡ್ ಇರುವಾಗ ಅದು ತೊಂದರೆಯಲ್ಲ. ಲೆನ್ಸ್ ತೀರಾ ವೈಡ್ ಆಗಿದ್ದರೆ ಮುಂದೆ ಬಂದ ಭಾಗ ಉಬ್ಬಿ, ಹಿಂದೆ ಹೋದದ್ದು ಕುಗ್ಗಿ ಕಾಣುತ್ತದೆ. ದೂರ ನಿಂತು ಜೂಮ್ ಮಾಡಿ ತೆಗೆಯುವುದೇ ಸರಿ.

ಮಧ್ಯಬಿಂದು ಹೊಂದಿಸಲು ಟರ್ನ್‌ಟೇಬಲ್ ನಡುವೆ ತೆಳುವಾದ ಕಡ್ಡಿ ನಿಲ್ಲಿಸಿ ಅರ್ಧ ಸುತ್ತು ತಿರುಗಿಸಿ. ಕಡ್ಡಿ ಅಲುಗಿದರೆ ಅದು ನಡುವಿನಲ್ಲಿಲ್ಲ. ಅಲುಗದ ಮೇಲೆ ಅದು ಫ್ರೇಮಿನ ನಟ್ಟನಡುವೆ ಬರುವಂತೆ ಕ್ಯಾಮೆರಾ ಸರಿಸಿ, ಕಡ್ಡಿ ತೆಗೆದು ಅಲ್ಲೇ ವಸ್ತುವಿಡಿ. ಇನ್ನೊಂದು ಉಪಾಯ: ಸುತ್ತು ಮುಗಿದು ಮೊದಲ ಜಾಗಕ್ಕೇ ಬಂದಾಗ 37ನೆಯ ಫೋಟೋ ಒಂದನ್ನು ತೆಗೆಯಿರಿ. ಅದನ್ನು ಮೊದಲನೆಯದರ ಮೇಲಿಟ್ಟು ನೋಡಿದರೆ ಬೆಳಕು ಬದಲಾಯಿತೇ, ವಸ್ತು ಜಾರಿತೇ ಎಂಬುದು ತಕ್ಷಣ ಗೊತ್ತಾಗುತ್ತದೆ. ಕಿಟಕಿಯ ಬೆಳಕಿನಲ್ಲಿ ತೆಗೆದವರಿಗೆ ಇದು ಖಂಡಿತ ಬೇಕು.

ಎಡಿಟಿಂಗ್‌ನಲ್ಲಿ ಒಂದೇ ಎಚ್ಚರ: ಕ್ರಾಪ್ ಎಲ್ಲ ಫ್ರೇಮ್‌ಗಳಿಗೂ ಒಂದೇ ಅಳತೆಯದು, ಒಂದೇ ಜಾಗದ್ದು. ‘ಟ್ರಿಮ್’ ಬಟನ್ ಮುಟ್ಟಲೇಬೇಡಿ. ಅದು ಪ್ರತಿ ಚಿತ್ರವನ್ನೂ ವಸ್ತುವಿನ ಅಂಚಿಗೆ ಕತ್ತರಿಸುತ್ತದೆ, ಆಮೇಲೆ ವಸ್ತು ತಿರುಗುವ ಬದಲು ಉಸಿರಾಡಿದಂತೆ ಉಬ್ಬಿ ಇಳಿಯುತ್ತದೆ. ಫೈಲಿನ ಹೆಸರು 01ರಿಂದ 36 ಇರಲಿ. 1, 2 ಎಂದಿಟ್ಟರೆ ಎಷ್ಟೋ ಕಡೆ 1ರ ನಂತರ 10 ಬಂದು ಕೂರುತ್ತದೆ.

ಇನ್ನು ತೂಕದ ಲೆಕ್ಕ. 1000 ಪಿಕ್ಸೆಲ್ ಚೌಕದ ವೆಬ್‌ಪಿ ಚಿತ್ರ ಒಂದೊಂದೂ 60 ಕೆಬಿ ಎಂದಿಟ್ಟುಕೊಂಡರೂ 36ಕ್ಕೆ 2 ಎಂಬಿ ದಾಟುತ್ತದೆ. ಇದನ್ನು ಎಲ್ಲರೂ ನೋಡುತ್ತಾರೆ. ನೋಡದೆ ಬಿಡುವುದು ಮೆಮೊರಿಯನ್ನು: ತೋರಿಸಲೆಂದು ಬ್ರೌಸರ್ ಬಿಚ್ಚಿಕೊಂಡ (ಡಿಕೋಡ್ ಮಾಡಿದ) ಚಿತ್ರಕ್ಕೆ ಪಿಕ್ಸೆಲ್‌ಗೆ 4 ಬೈಟ್, ಅಂದರೆ ಚಿತ್ರಕ್ಕೆ 4 ಎಂಬಿ, 36ಕ್ಕೆ 144 ಎಂಬಿ. ಕಡಿಮೆ ರ‍್ಯಾಮ್‌ನ ಫೋನಿನಲ್ಲಿ ಪುಟ ತಾನಾಗಿಯೇ ರೀಲೋಡ್ ಆಗಲು ಎಷ್ಟೋ ಸಲ ಇದೇ ಕಾರಣ. ಫೈಲನ್ನು ಇನ್ನಷ್ಟು ಒತ್ತಿ ಚಿಕ್ಕದು ಮಾಡಿದರೆ ಇದು ಕಡಿಮೆಯಾಗುವುದಿಲ್ಲ, ಅಳತೆಯನ್ನೇ ಇಳಿಸಬೇಕು. ಮೊಬೈಲಿಗೆ 600 ಪಿಕ್ಸೆಲ್‌ನ ಸೆಟ್ ಕೊಟ್ಟರೆ 52 ಎಂಬಿಯಲ್ಲಿ ಮುಗಿಯುತ್ತದೆ. ಎಲ್ಲ ಫ್ರೇಮ್‌ಗಳನ್ನೂ ಸೇರಿಸಿ ಒಂದೇ ಸ್ಪ್ರೈಟ್ ಚಿತ್ರ ಮಾಡುವ ಹಳೆಯ ಸಲಹೆ ಇಲ್ಲಿ ಉಪಯೋಗಕ್ಕಿಲ್ಲ. ಮೆಮೊರಿ ಅಷ್ಟೇ ಬೇಕು, ಜೊತೆಗೆ ಇಡೀ ಫೈಲ್ ಇಳಿಯುವ ತನಕ ಏನೂ ತಿರುಗುವುದಿಲ್ಲ.

ಮೊದಲ ಫ್ರೇಮ್ ಸಾದಾ ಇಮೇಜ್ ಟ್ಯಾಗ್‌ನಲ್ಲೇ ಇರಲಿ, ಅಗಲ–ಎತ್ತರ ಬರೆದಿಡಿ, ಇಲ್ಲವಾದರೆ ಚಿತ್ರ ಬಂದಾಗ ಪುಟ ಜಿಗಿಯುತ್ತದೆ. ಉಳಿದ 35ನ್ನು ವ್ಯೂವರ್ ತೆರೆಗೆ ಬಂದಮೇಲೆ ತರಿಸಿ, ಅದೂ ಸಾಲಾಗಿ ಅಲ್ಲ. ಎಣಿಕೆ 0ಯಿಂದ ಎಂದುಕೊಂಡರೆ 9, 18, 27 ಮೊದಲು, ಆಮೇಲೆ ನಡುವಿನವು. ಬೇಕಾದ ಫ್ರೇಮ್ ಇನ್ನೂ ಬಂದಿಲ್ಲವೆಂದರೆ ಹತ್ತಿರದ್ದನ್ನು ತೋರಿಸಿ. ನಿಧಾನ ನೆಟ್‌ವರ್ಕ್‌ನಲ್ಲೂ ಬೇಗನೆ ತಿರುಗಿಸಬಹುದು. ಇಮೇಜಿನ ಸೋರ್ಸ್ ಬದಲಿಸುತ್ತ ಹೋದರೆ ನಡುನಡುವೆ ಬಿಳಿ ಮಿಂಚು ಕಾಣಬಹುದು. ಮೊದಲೇ ಡಿಕೋಡ್ ಮಾಡಿಸಿ ಕ್ಯಾನ್ವಾಸ್ (ಕೋಡ್‌ನಿಂದ ಚಿತ್ರ ಬಿಡಿಸಲು ಪುಟದಲ್ಲಿಡುವ ಜಾಗ) ಮೇಲೆ ಬಿಡಿಸಿದರೆ ಆ ಕಾಟವಿಲ್ಲ.

ಎಳೆತಕ್ಕೆ ಪಾಯಿಂಟರ್ ಇವೆಂಟ್‌ಗಳು ಸಾಕು, ಮೌಸ್–ಟಚ್ ಎಂದು ಎರಡೆರಡು ಬರೆಯಬೇಕಿಲ್ಲ. ಆದರೆ ಸಿಎಸ್‌ಎಸ್‌ನಲ್ಲಿ ‘ಟಚ್-ಆ್ಯಕ್ಷನ್’ಗೆ ‘ಪ್ಯಾನ್-ವೈ’ (ಮೇಲೆ–ಕೆಳಗಿನ ಸ್ಕ್ರೋಲ್ ಮಾತ್ರ ಬ್ರೌಸರಿಗೆ) ಕೊಡುವುದನ್ನು ಮರೆತರೆ ಬ್ರೌಸರ್ ಎಳೆತವನ್ನು ಸ್ಕ್ರೋಲ್ ಎಂದುಕೊಂಡು ‘ಪಾಯಿಂಟರ್‌ಕ್ಯಾನ್ಸಲ್’ (ಎಳೆತ ರದ್ದು ಎಂಬ ಸೂಚನೆ) ಕಳಿಸುತ್ತದೆ, ತಿರುಗುವುದು ಅರ್ಧಕ್ಕೇ ನಿಲ್ಲುತ್ತದೆ. ಅದರ ಬದಲು ‘ನನ್’ (none, ಬ್ರೌಸರಿಗೆ ಯಾವ ಸ್ಕ್ರೋಲೂ ಇಲ್ಲ) ಕೊಟ್ಟವರ ಪುಟದಲ್ಲಿ ಚಿತ್ರದ ಮೇಲೆ ಬೆರಳಿಟ್ಟವರು ಕೆಳಗೆ ಹೋಗಲಾಗದೆ ಸಿಕ್ಕಿಬೀಳುತ್ತಾರೆ. ಬೆರಳು ಚೌಕಟ್ಟಿನ ಹೊರಗೆ ಹೋದರೂ ಹಿಡಿತ ತಪ್ಪದಿರಲು ಪಾಯಿಂಟರ್ ಕ್ಯಾಪ್ಚರ್ ಬಳಸಿ.

ಚೌಕಟ್ಟಿನ ಪೂರ್ತಿ ಅಗಲಕ್ಕೆ ಒಂದು ಸುತ್ತು ಎಂಬ ಅಳತೆ ಕೈಗೆ ಹಿತ: 360 ಪಿಕ್ಸೆಲ್ ಅಗಲವಿದ್ದರೆ 10 ಪಿಕ್ಸೆಲ್‌ಗೆ ಒಂದು ಫ್ರೇಮ್. ದೂರವನ್ನು ಬೆರಳಿಟ್ಟ ಮೊದಲ ಬಿಂದುವಿನಿಂದಲೇ ಅಳೆಯಿರಿ. ಹಿಂದಿನ ಇವೆಂಟಿನಿಂದ ಅಳೆದು ಭಾಗಿಸಿದರೆ ಮೂರು–ನಾಲ್ಕು ಪಿಕ್ಸೆಲ್‌ನ ಚಲನೆಗಳೆಲ್ಲ ಸೊನ್ನೆಯಾಗಿ, ನಿಧಾನವಾಗಿ ಎಳೆದವರಿಗೆ ಏನೂ ತಿರುಗುವುದಿಲ್ಲ. ಹಿಂದಕ್ಕೆ ಎಳೆದಾಗ ಚಿತ್ರ ಮಾಯವಾದರೆ ಕಾರಣ ಜಾವಾಸ್ಕ್ರಿಪ್ಟ್‌ನ ಶೇಷ: −1 % 36 ಅಲ್ಲಿ −1 ಆಗಿಯೇ ಉಳಿಯುತ್ತದೆ. ಶೇಷಕ್ಕೆ 36 ಕೂಡಿಸಿ ಮತ್ತೊಮ್ಮೆ ಶೇಷ ತೆಗೆದರೆ 35 ಬರುತ್ತದೆ. ಬಲಕ್ಕೆ ಎಳೆದಾಗ ವಸ್ತುವಿನ ಮುಂಭಾಗವೂ ಬಲಕ್ಕೇ ಹೋಗಬೇಕು. ಉಲ್ಟಾ ಆದರೆ ಕೂಡುವಲ್ಲಿ ಕಳೆಯಿರಿ, ಫೈಲುಗಳ ಹೆಸರು ಬದಲಿಸುತ್ತ ಕೂರಬೇಡಿ.

ತಾನಾಗಿ ತಿರುಗುವುದು ಒಂದು ಸುತ್ತಿಗೆ ಸಾಕು. 5 ಸೆಕೆಂಡ್ ಮೀರಿದರೆ ನಿಲ್ಲಿಸುವ ಬಟನ್ ಬೇಕೆಂದು ಡಬ್ಲ್ಯುಸಿಎಜಿ (ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಮಾರ್ಗಸೂಚಿ) ಹೇಳುತ್ತದೆ. ಚಲನೆ ಬೇಡವೆಂದು ಸೆಟ್ಟಿಂಗ್ ಇಟ್ಟವರಿಗಂತೂ ತಿರುಗಿಸಲೇಬೇಡಿ. ಮೌಸ್ ಚಕ್ರಕ್ಕೆ ಇದನ್ನು ಜೋಡಿಸುವುದು ಕಿರಿಕಿರಿ. ಕೀಬೋರ್ಡ್‌ನ ಎಡ–ಬಲ ಬಾಣಗಳಿಗೆ ಜೋಡಿಸಿ, ಎಚ್‌ಟಿಎಂಎಲ್‌ನಲ್ಲಿ ಅದರ ಪಾತ್ರ (role) ‘ಸ್ಲೈಡರ್’ ಎಂದು ಕೊಟ್ಟು, ಈಗಿನ ಕೋನವನ್ನು ಸ್ಕ್ರೀನ್ ರೀಡರ್‌ಗೆ (ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ) ತಿಳಿಸಿ.

ಒಂದೇ ವಸ್ತು ಹತ್ತಾರು ಬಣ್ಣದಲ್ಲಿದ್ದರೆ, ಅಥವಾ ಮೇಲಿಂದಲೂ ಕೆಳಗಿಂದಲೂ ನೋಡಬೇಕಿದ್ದರೆ ಫೋಟೋ ದಾರಿ ಬಿಟ್ಟು ಜಿಎಲ್‌ಬಿ ಎಂಬ ತ್ರೀಡಿ ಫೈಲಿನ ಮಾಡೆಲ್ ಮಾಡಿಸಿ, ಅದನ್ನು ಪುಟದಲ್ಲಿ ತೋರಿಸುವ ಗೂಗಲ್‌ನ ‘ಮಾಡೆಲ್-ವ್ಯೂವರ್’ ಹಾಕುವುದು ಮೇಲು. ಗಾಜು, ತುಪ್ಪಳ, ನೇಯ್ದ ಬಟ್ಟೆಗಳಿಗೆ ಮಾತ್ರ ಫೋಟೋವೇ ಗೆಲ್ಲುತ್ತದೆ. ಚಪ್ಪಟೆ ವಸ್ತುವಿಗೆ ಇವೆರಡೂ ಬೇಡ, ಮೂರು ಒಳ್ಳೆಯ ಫೋಟೋ ಹಾಕಿ.