ಮೀನು ಹಿಡಿಯೋಕೆ ಅಷ್ಟು ಸ್ಪೀಡ್ ಯಾಕೆ?

ಬ್ಯಾಸ್ ಅನ್ನೋ ಮೀನು ಹಿಡಿಯೋಕೆಂದೇ ಮಾಡಿದ ಬ್ಯಾಸ್ ಬೋಟ್‌ನಲ್ಲಿ ಹೋದ ವಿಡಿಯೊ ವಾಟ್ಸಾಪ್‌ಗೆ ಹಾಕಿದರೆ ಸಾಕು, ಪ್ರಶ್ನೆ ಬಂದೇ ಬರುತ್ತದೆ. “ಅಲ್ಲ ಕಣೋ, ಮೀನು ಹಿಡಿಯೋಕೆ ಹೋಗೋರು ಅಷ್ಟು ಜೋರಾಗಿ ಯಾಕೆ ಹೋಗ್ಬೇಕು?” ಊರಲ್ಲಿರುವ ಚಿಕ್ಕಪ್ಪ ಕೇಳುತ್ತಾರೆ. ಇಲ್ಲಿ ಡಲ್ಲಸ್‌ನಲ್ಲಿರುವ ಕನ್ನಡದ ಗೆಳೆಯರೂ ಕೇಳುತ್ತಾರೆ. ಗಾಳ ಹಾಕಿ ಸುಮ್ನೆ ಕೂರುವ ಕೆಲಸಕ್ಕೆ ಗಂಟೆಗೆ 70 ಮೈಲಿ, ಅಂದರೆ 110 ಕಿಲೋಮೀಟರ್ ಮೇಲೆ ಓಡೋದು ಯಾಕೆ, ಅಲ್ವಾ? ಬೋಟ್ ನನ್ನದಲ್ಲ, ಆಫೀಸಿನ ಗೆಳೆಯನದ್ದು. ನಾನು ಪಕ್ಕದ ಸೀಟಿನವನು. ಸ್ಟಿಯರಿಂಗ್ ಕೈಯಲ್ಲಿಲ್ಲದವನಿಗೆ ಯೋಚನೆ ಮಾಡೋಕೆ ಟೈಮ್ ಜಾಸ್ತಿ ಸಿಗುತ್ತದೆ.

ಮೊದಲನೇದಾಗಿ, ಇಲ್ಲಿ ಯಾರೂ ಸುಮ್ನೆ ಕೂರುವುದಿಲ್ಲ. ಬ್ಯಾಸ್ ಹಿಡಿಯುವವರು ಇಡೀ ದಿನ ನಿಂತೇ ಇರುತ್ತಾರೆ. ಗಾಳ ಎಸೆಯೋದು, ಸುತ್ತಿ ಎಳೆಯೋದು, ಮತ್ತೆ ಎಸೆಯೋದು. ಮೀನು ಇರುವ ಜಾಗ ತಲುಪಿದ ಮೇಲೆ ದೊಡ್ಡ ಎಂಜಿನ್ ಆಫ್. ಮುಂದೆ ಬ್ಯಾಟರಿಯಿಂದ ಓಡುವ ಪುಟ್ಟ ಟ್ರೋಲಿಂಗ್ ಮೋಟರ್ ಇರುತ್ತದೆ, ಅದನ್ನು ನೀರಿಗೆ ಇಳಿಸುತ್ತಾರೆ. ಆಮೇಲೆ ಬೋಟ್ ನಡೆಯುವಷ್ಟು ನಿಧಾನವಾಗಿ, ಸದ್ದಿಲ್ಲದೆ ದಡದ ಗುಂಟ ಹೋಗುತ್ತದೆ. ನೀವು ವಿಡಿಯೊದಲ್ಲಿ ನೋಡೋದು ದಿನದ ಕೆಲವೇ ನಿಮಿಷ. ನಿಧಾನದ ಭಾಗವನ್ನು ಹಾಕಿದರೆ ಯಾರು ನೋಡ್ತಾರೆ ಹೇಳಿ.

ಇನ್ನು ಆ ಕೆಲವು ನಿಮಿಷದ ಓಟ. ನಾವು ಹೆಚ್ಚಾಗಿ ಹೋಗೋದು ಟೊಲೀಡೊ ಬೆಂಡ್‌ಗೆ. ಟೆಕ್ಸಸ್ ಮತ್ತು ಲೂಯಿಸಿಯಾನಾ ಗಡಿಯಲ್ಲಿ ಸಬೀನ್ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಅದು. ವಿಸ್ತಾರ ಸುಮಾರು 1,85,000 ಎಕರೆ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಒಣ ಬೊಡ್ಡೆಗಳು ನೀರಿಂದ ತಲೆ ಎತ್ತಿ ನಿಂತಿರೋದನ್ನು ನೋಡಿದ್ದೀರಲ್ಲ, ಇಲ್ಲೂ ಹಾಗೇ. ಬ್ಯಾಸ್‌ಗೆ ಇಂಥ ಜಾಗವೇ ಇಷ್ಟ. ಬೊಡ್ಡೆಯ ಮರೆ, ಜೊಂಡಿನ ಅಂಚು, ಮುಳುಗಿದ ಹಳ್ಳದ ತಿರುವು. ಆದರೆ ಇವತ್ತು ಯಾವ ಬೊಡ್ಡೆ, ಯಾವ ಹಳ್ಳ ಅನ್ನೋದು ಋತು, ನೀರಿನ ಬಿಸಿ, ಗಾಳಿ ನೋಡಿಕೊಂಡು ಬದಲಾಗುತ್ತದೆ. ಬೋಟ್ ಇಳಿಸಿದ ಜಾಗದಿಂದ ಅದು 20 ಮೈಲಿ ದೂರ ಇದ್ದರೂ ಆಶ್ಚರ್ಯವಿಲ್ಲ.

ಲೆಕ್ಕ ಹಾಕಿ. 20 ಮೈಲಿಗೆ 40ರ ವೇಗದಲ್ಲಿ ಅರ್ಧ ಗಂಟೆ. 70ರಲ್ಲಿ 17 ನಿಮಿಷ. ಉಳಿದದ್ದು 13 ನಿಮಿಷ. ಟೂರ್ನಮೆಂಟ್ ಆಡುವವರಿಗೆ ಈ 13 ನಿಮಿಷ ದೊಡ್ಡದು. ಅಲ್ಲಿ ಗೆಲುವು ಹಿಡಿದ ಮೀನಿನ ತೂಕದ ಮೇಲೆ, ಹೇಳಿದ ಹೊತ್ತಿಗೆ ತೂಕ ಮಾಡಿಸೋಕೆ ವಾಪಸ್ ಬರಬೇಕು. ತಡವಾದರೆ ಆ ತೂಕದಲ್ಲಿ ನಿಮಿಷಕ್ಕೆ ಒಂದು ಪೌಂಡ್ ಕಡಿತ ಮಾಡುವ ಟೂರ್ನಮೆಂಟ್‌ಗಳು ಬಹಳ. ಈ ಬೋಟ್‌ಗಳು ಇಷ್ಟು ಜೋರಾದದ್ದೇ ಪಂದ್ಯಗಳ ಕಾಲದಲ್ಲಿ. 1948ರಲ್ಲಿ ಲೂಯಿಸಿಯಾನಾದ ಹೋಮ್ಸ್ ಥರ್ಮಂಡ್ ಪ್ಲೈವುಡ್‌ನಲ್ಲಿ ಮಾಡಿದ ‘ಸ್ಕೀಟರ್’ ಮೊದಲ ಬ್ಯಾಸ್ ಬೋಟ್ ಅಂತಾರೆ. 1967ರಲ್ಲಿ ರೇ ಸ್ಕಾಟ್ ಎಂಬಾತ ಆರ್ಕನ್ಸಾದ ಬೀವರ್ ಲೇಕ್‌ನಲ್ಲಿ ದೊಡ್ಡ ಬ್ಯಾಸ್ ಪಂದ್ಯ ಮಾಡಿಸಿದ. ಮರುವರ್ಷವೇ ಅದೇ ರಾಜ್ಯದ ಫ್ಲಿಪಿನ್ ಎಂಬ ಸಣ್ಣ ಊರಲ್ಲಿ ಫಾರೆಸ್ಟ್ ವುಡ್ ‘ರೇಂಜರ್’ ಬೋಟ್ ಕಟ್ಟೋಕೆ ಶುರು ಮಾಡಿದ. ಈಗ 20 ಅಡಿಯ ಫೈಬರ್ ಬೋಟಿನ ಹಿಂದೆ 250 ಹಾರ್ಸ್‌ಪವರ್ ಎಂಜಿನ್ ಇರೋದು ಮಾಮೂಲು. ಪೂರ್ತಿ ಒತ್ತಿದರೆ ಗಂಟೆಗೆ 20 ಗ್ಯಾಲನ್‌ಗಿಂತ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಇದನ್ನು ಚಿಕ್ಕಪ್ಪನಿಗೆ ಹೇಳಿಲ್ಲ.

ಕೂತು ಹೋಗೋದು ಹೇಗಿರುತ್ತೆ ಅಂತಲೂ ಕೇಳ್ತಾರೆ. ಹೊರಡುವ ಮುಂಚೆ ಗಾಳದ ಕೋಲುಗಳನ್ನೆಲ್ಲ ಬೆಲ್ಟ್ ಹಾಕಿ ಬಿಗಿಯುತ್ತಾರೆ. ಟೋಪಿ ತೆಗೆದು ಡಬ್ಬಿಯೊಳಗೆ ಇಡಬೇಕು, ಇಲ್ಲದಿದ್ದರೆ ಕೆರೆ ಪಾಲು. ಗ್ಯಾಸ್ ಕೊಟ್ಟ ತಕ್ಷಣ ಬೋಟಿನ ಮೂತಿ ಮೇಲೇಳುತ್ತದೆ, ಎದುರಿಗೆ ಬರೀ ಆಕಾಶ. ಮೂರ್ನಾಲ್ಕು ಸೆಕೆಂಡ್‌ಗೆ ಮೂತಿ ಕೆಳಗೆ ಬೀಳುತ್ತದೆ, ಬೋಟ್ ನೀರಿನ ಮೇಲೆ ಜಾರೋಕೆ ಶುರು. ಪೂರ್ತಿ ವೇಗದಲ್ಲಿ ಹಿಂಭಾಗದ ಸ್ವಲ್ಪವೇ ಸ್ವಲ್ಪ ನೀರಿಗೆ ತಾಗಿರುತ್ತದೆ. ಆಗ ಸಣ್ಣ ಅಲೆಯೂ ಬೆನ್ನುಮೂಳೆಗೆ ಟಕ್ ಟಕ್ ಅಂತ ಹೊಡೆಯುತ್ತದೆ. ಒಮ್ಮೊಮ್ಮೆ ಬೋಟ್ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ವಾಲಾಡೋಕೆ ಹಿಡಿಯುತ್ತದೆ. ಇದಕ್ಕೆ ‘ಚೈನ್ ವಾಕ್’ ಅಂತಾರೆ. ಓಡಿಸುವವನು ಸ್ಟಿಯರಿಂಗ್ ಸರಿ ಹಿಡಿಯಬೇಕು, ಇಲ್ಲ ವೇಗ ಇಳಿಸಬೇಕು. ಫೆಬ್ರವರಿಯಲ್ಲಿ ಬೇರೆ ಕಥೆ. ಥರ್ಮಾಮೀಟರ್ 40 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದ್ದರೆ, 60 ಮೈಲಿ ವೇಗದಲ್ಲಿ ಮೈಗೆ ಅನಿಸೋದು 25. ಅಂದರೆ ಮೈನಸ್ 4 ಸೆಲ್ಸಿಯಸ್. ಪೂರ್ತಿ ಮುಖ ಮುಚ್ಚುವ ಮಾಸ್ಕ್ ಇಲ್ಲದೆ ಹೋದರೆ ಕಣ್ಣು ಬಿಡೋಕೂ ಆಗಲ್ಲ.

ಭಯದ ವಿಷಯ. ಬೋಟಿಗೆ ಬ್ರೇಕ್ ಇಲ್ಲ, ಇದನ್ನು ನೆನಪಿಡಬೇಕು. ಟೊಲೀಡೊ ಬೆಂಡ್‌ನಲ್ಲಿ ಮರಗಳ ನಡುವೆ ಬೋಟ್ ಓಡಾಡೋಕೆ ದಾರಿ ಬಿಟ್ಟು ಗುರುತು ಹಾಕಿದ್ದಾರೆ. ನೀರು ಇಳಿದಾಗ ಆ ದಾರಿ ಬಿಟ್ಟು ಅಡ್ಡದಾರಿ ಹಿಡಿಯೋದು ಹುಚ್ಚುತನ, ಬೊಡ್ಡೆ ನೀರಿಂದ ಅರ್ಧ ಅಡಿ ಕೆಳಗಿದ್ದರೆ ಕಾಣೋದೇ ಇಲ್ಲ. ಇನ್ನು ಕಿಲ್ ಸ್ವಿಚ್. ಒಂದು ಹಗ್ಗದ ತುದಿ ಓಡಿಸುವವನ ಲೈಫ್ ಜಾಕೆಟ್‌ಗೆ, ಇನ್ನೊಂದು ತುದಿ ಸ್ವಿಚ್‌ಗೆ. ಅವನು ಹೊರಗೆ ಎಸೆಯಲ್ಪಟ್ಟರೆ ಎಂಜಿನ್ ನಿಲ್ಲುತ್ತದೆ. ನಿಲ್ಲದಿದ್ದರೆ ಸ್ಟಿಯರಿಂಗ್ ತಾನೇ ತಿರುಗಿ, ಬೋಟ್ ಸುತ್ತು ಹೊಡೆದು ಬಿದ್ದವನ ಮೇಲೇ ವಾಪಸ್ ಬರಬಹುದು. 26 ಅಡಿಗಿಂತ ಚಿಕ್ಕ ಬೋಟ್‌ಗಳಲ್ಲಿ ಇದನ್ನು ಹಾಕಿಕೊಳ್ಳಲೇಬೇಕು ಅಂತ 2021ರ ಏಪ್ರಿಲ್ 1ರಿಂದ ಅಮೆರಿಕದಲ್ಲಿ ಫೆಡರಲ್ ಕಾನೂನಿದೆ. ಆದರೆ ಆ ಹಗ್ಗ ಓಡಿಸುವವನಿಗೆ ಮಾತ್ರ. ಪಕ್ಕದವನು ಬಿದ್ದರೆ ಎಂಜಿನ್‌ಗೆ ಗೊತ್ತೂ ಆಗಲ್ಲ. ನನಗಿರೋದು ಲೈಫ್ ಜಾಕೆಟ್ ಮತ್ತು ಹಿಡಿಕೆ, ಅಷ್ಟೇ.

ಹಾಗಾಗಿ ನನ್ನ ಉತ್ತರ ಇದು. ವೇಗಕ್ಕೆ ಕಾರಣ ಇದೆ, ಆದರೆ ಆ ಕಾರಣ 45ಕ್ಕೋ 50ಕ್ಕೋ ಮುಗಿಯುತ್ತದೆ. ಅದರ ಮೇಲಿನ 20 ಮೈಲಿ ಪಂದ್ಯದವರಿಗೆ ಬೇಕು. ರಜೆಯ ದಿನ ಹೋಗುವ ನಮಗೆ ಅದು ಮಜಾ. ಮಜಾ ತಪ್ಪಲ್ಲ, ಅದಕ್ಕೆ ಮೀನಿನ ನೆಪ ಯಾಕೆ? ನಾನಂತೂ ಹತ್ತುವ ಮುಂಚೆಯೇ ಗೆಳೆಯನಿಗೆ ಹೇಳಿಬಿಡುತ್ತೇನೆ, ಗಾಳಿ ಇದ್ದರೆ 50 ದಾಟಬೇಡ ಅಂತ. ಅವನು ಬೇಜಾರು ಮಾಡಿಕೊಂಡಿಲ್ಲ.

ಮಕ್ಕಳನ್ನು ಕರ್ಕೊಂಡು ಹೋಗಬಹುದಾ ಅಂತ ಕೇಳುವವರಿಗೆ: ಹೋಗಬಹುದು. ಟೆಕ್ಸಸ್‌ನಲ್ಲಿ ಇಂಥ ಬೋಟ್ ಓಡುತ್ತಿರುವಾಗ 13 ವರ್ಷದೊಳಗಿನವರು ಲೈಫ್ ಜಾಕೆಟ್ ಹಾಕಿರಲೇಬೇಕು. ದೂರ ಹೋಗಬೇಡಿ, ಬೋಟ್ ಇಳಿಸಿದ ಜಾಗದ ಹತ್ತಿರದಲ್ಲೇ ಗಾಳ ಹಾಕಿಸಿ. ಟೂರ್ನಮೆಂಟ್‌ನವರು ಎಲ್ಲೆಲ್ಲಿಂದಲೋ ಹಿಡಿದು ತಂದ ಮೀನನ್ನು ತೂಕ ಮಾಡಿ ಬಿಡೋದು ಹೆಚ್ಚಾಗಿ ಅಲ್ಲೇ. ಅದರಲ್ಲಿ ಎಷ್ಟೋ ಮೀನು ವಾರಗಟ್ಟಲೆ ಆ ಸುತ್ತಮುತ್ತಲೇ ಇರುತ್ತವೆ.