ರಂಭೆಯ ಗೋರಿ ಯಾವುದು

12 ಜನವರಿ 2025, ಭಾನುವಾರ
ವಿಜಯಪುರ

ಸೊಳ್ಳೆ ಮಲಗೋಕೆ ಬಿಡ್ತಿಲ್ಲ. ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ, ನಿದ್ದೆ ಬಂದಿಲ್ಲ ಅಂತ ಉಸಿರಲ್ಲೇ ಗೊತ್ತಾಗುತ್ತೆ. ರೂಮೆಲ್ಲ ಅಮೃತಾಂಜನದ ವಾಸನೆ.

ಮಂಡಿನೋವಿನವಳನ್ನು ಏಳು ಅಂತಸ್ತು ಹತ್ತಿಸಿದ್ದು ನನ್ನದೇ ತಪ್ಪು. ಗೋಲಗುಂಬಜಿನ ಮೂಲೆಗೊಂದು ಗೋಪುರ ಇದೆಯಲ್ಲ, ಮೆಟ್ಟಿಲು ಅದರ ಹೊಟ್ಟೆಯೊಳಗೇ. ಇಕ್ಕಟ್ಟು, ಕತ್ತಲೆ, ಎತ್ತರೆತ್ತರ ಮೆಟ್ಟಿಲು. ಕೆಳಗೇ ಕೂತಿರು ಅಂದೆ. "ಕೂರೋಕೆ ರಾತ್ರಿಯೆಲ್ಲ ರೈಲಲ್ಲಿ ಬಂದ್ನಾ?" ಅಂದಳು.

ಮೇಲೆ ಹೋದರೆ ಯಾವುದೋ ಸ್ಕೂಲಿನ ಟ್ರಿಪ್ಪು. ಇನ್ನೂರು ಮಕ್ಕಳು, ಇನ್ನೂರು ಕೂಗು, ಪ್ರತಿ ಕೂಗಿಗೂ ಏಳೆಂಟು ಮಾರುತ್ತರ. ಪಿಸುಗುಟ್ಟುವ ಗ್ಯಾಲರಿ ಅಂತ ಹೆಸರಿಟ್ಟವರು ಮಕ್ಕಳನ್ನು ಕಂಡಿರಲಿಲ್ಲ ಅನ್ಸುತ್ತೆ. ಮೇಷ್ಟ್ರು ಸೀಟಿ ಊದಿದರು, ಅದೂ ಗುಂಬಜಿನಲ್ಲಿ ಸುತ್ತಿ ಸುತ್ತಿ ಬಂತು. ಕೊನೆಗೆ ಅವರೆಲ್ಲ ಇಳಿದು ಹೋದಮೇಲೆ ನಮ್ಮ ಗೈಡಪ್ಪ ಎದುರುಗಡೆ ಹೋಗಿ ಕೂತು, ಜೇಬಿನಿಂದ ಹಳೇ ಬಸ್ ಟಿಕೇಟು ತೆಗೆದು ನಿಧಾನಕ್ಕೆ ಹರಿದ. ಮಧ್ಯೆ ಹತ್ತಿರ ಹತ್ತಿರ 38 ಮೀಟರ್ ಖಾಲಿ ಗಾಳಿ. ನನ್ನ ಕಿವಿ ಪಕ್ಕದಲ್ಲೇ ಯಾರೋ ಸೀರೆ ಹರಿದಂಗಾಯ್ತು. ಅಮ್ಮ ಹಿಂದಕ್ಕೆ ತಿರುಗಿ ನೋಡಿದಳು.

ಆಮೇಲೆ ಅವನು ಕಥೆ ತೆಗೆದ. ಗುಂಬಜ್ ಕಟ್ಟಿಸಿದ ಸುಲ್ತಾನ ಮೊಹಮ್ಮದ್ ಆದಿಲ್ ಶಾ ಒಂದಿನ ರಂಭೆ ಅನ್ನೋ ನರ್ತಕಿ ಜೊತೆ ಇಲ್ಲೇ ನಿಂತಿದ್ನಂತೆ. ನನ್ ಮ್ಯಾಲ ಅಷ್ಟು ಪ್ರೀತಿ ಇದ್ರ ಇಲ್ಲಿಂದ ಹಾರ್ತಿಯೇನು ಅಂತ ತಮಾಷೆಗೆ ಕೇಳಿದ್ನಂತೆ. "ಹಾರೇ ಬಿಟ್ಳು ನೋಡ್ರಿ!"

"ಕೇಳಿದ್ದೇ ತಪ್ಪು," ಅಂದಳು ಅಮ್ಮ. ಗೈಡ್ ನಕ್ಕ. ಅಮ್ಮ ನಗಲಿಲ್ಲ.

ಕೆಳಗೆ ಬಂದಮೇಲೆ ಕಟ್ಟೆ ಮುಂದೆ ನಿಂತೇ ಬಿಟ್ಟಳು. ಆರು ಗೋರಿ: ಸುಲ್ತಾನ, ಇಬ್ಬರು ಬೇಗಮರು, ರಂಭೆ, ಮಗಳು, ಮೊಮ್ಮಗ. ಇವು ನೋಡೋಕಷ್ಟೇ, ನಿಜವಾದವು ನೆಲಮಾಳಿಗೆಯಲ್ಲಿವೆ ಅಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಅವಳದ್ಯಾವುದು?" ಅಂತ ಎರಡು ಸಲ ಕೇಳಿದಳು. "ಹೆಂಡ್ತೀರ ಸಾಲಲ್ಲೇ ಮಲಗಿಸಿದಾನಲ್ಲ. ಅಷ್ಟಾದ್ರೂ ಮಾಡ್ದ."

ಮಲಿಕ್-ಎ-ಮೈದಾನ್ ತೋಪು ನೋಡಿದ್ವಿ. ಬಾಯಲ್ಲಿ ಸಿಂಹ, ಅದರ ಹಲ್ಲಿನ ನಡುವೆ ಆನೆ. ಬಿಸಿಲು.

ಇಬ್ರಾಹಿಂ ರೋಜಾ ನನಗಿಂತ ಅಮ್ಮನಿಗೇ ಹೆಚ್ಚು ಹಿಡಿಸಿತು. ಕಲ್ಲಿನ ಕಿಟಕಿಗೆ ಜಾಲರಿ ಬದಲು ಅಕ್ಷರಗಳನ್ನೇ ಕೊರೆದಿದ್ದಾರೆ, ಬೆಳಕು ಅಕ್ಷರದ ಸಂದಿಯಿಂದಲೇ ಒಳಗೆ ಬರಬೇಕು. ಎರಡನೇ ಇಬ್ರಾಹಿಂ ಆದಿಲ್ ಶಾ ಇದನ್ನು ರಾಣಿ ತಾಜ್ ಸುಲ್ತಾನಾಗೆ ಗೋರಿ ಅಂತ ಕಟ್ಟಿಸೋಕೆ ಶುರುಮಾಡಿದ್ದು. 1627ರಲ್ಲಿ ಅವನೇ ಮೊದಲು ಹೋದ. ಅದನ್ನು ಹೇಳಿದೆ. ಅಮ್ಮ ಚಪ್ಪಲಿ ಹುಡುಕುತ್ತಾ "ಹೂಂ" ಅಂದಳು. ಹೇಳಬಾರದಿತ್ತೇನೋ. ಅಪ್ಪ ಹೋಗಿ ಇನ್ನೂ ಎಂಟು ತಿಂಗಳು.

ಹೊರಗೆ ಆಟೋದವರು ಕಾಯ್ತಿದ್ದರು. "ಸಾಠ್ ಕಬರ್ ಅಂತ ಗೋರಿ ಅದಾವ, ನೋಡ್ತೀರೇನ್ರಿ ಅಮ್ಮಾರ? ಅಫ್ಜಲಖಾನ ಶಿವಾಜಿ ಮ್ಯಾಲ ಯುದ್ಧಕ್ಕ ಹೋಗೂ ಮುಂದ ತನ್ನ ಅರವತ್ಮೂರು ಮಂದಿ ಹೆಂಡ್ರನ್ನ..."

"ಬೇಡಪ್ಪಾ," ಅಮ್ಮ ಅರ್ಧಕ್ಕೇ ತಡೆದಳು. "ಇವತ್ತಿಗೆ ಗಂಡಸರ ಕಥೆ ಸಾಕು. ಎಲ್ಲಾದ್ರೂ ಒಳ್ಳೇ ಚಾ ಕುಡಿಸು."

ಅವರು ಎಷ್ಟು ನಕ್ಕರು ಅಂದರೆ ಆಟೋ ಸ್ಟಾರ್ಟ್ ಮಾಡೋಕೇ ಆಗಲಿಲ್ಲ. ಚಾಕ್ಕೆ ದುಡ್ಡೂ ತಗೊಳ್ಳಲಿಲ್ಲ. ಖಾನಾವಳಿಯಲ್ಲಿ ಎರಡು ಜೋಳದ ರೊಟ್ಟಿ ತಿಂದು, ಶೇಂಗಾ ಹಿಂಡಿಯನ್ನು ಕಟ್ಟಿಸಿಕೊಂಡು ಬಂದಳು. ಖುಷಿಯಾಗೇ ಇದ್ದಳು.

ಈಗ, ಲೈಟ್ ಆರಿಸಿದ ಮೇಲೆ:

"ನಿಮ್ಮಪ್ಪ ನಲವತ್ತು ವರ್ಷದಲ್ಲಿ ನನ್ನ ಕೇಳಿದ್ದು ಎರಡೇ ಕಣೇ. ಕಾಫಿ ಆಯ್ತಾ, ಕನ್ನಡಕ ಎಲ್ಲಿಟ್ಟೆ."

ನಾನು ನಕ್ಕೆ. ಅವಳೂ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, "ಹಾರೋ ಮುಂಚೆ ಅವಳು ಏನಾದ್ರೂ ಅಂದಿರ್ತಾಳೆ ಅಲ್ವಾ? ಅಲ್ಲಿ ಕಾಗದ ಹರಿದ್ರೂ ಕೇಳುತ್ತೆ."

ಅದು ಬರೀ ಕಥೆ ಅಮ್ಮ, ಸುಲ್ತಾನ 1656ರಲ್ಲಿ ಸಾಯೋವಾಗ ಕಟ್ಟಡದ ಕೆಲಸವೇ ಪೂರ್ತಿ ಮುಗಿದಿರಲಿಲ್ಲ ಅಂತ ಹೇಳೋಕೆ ಬಾಯಿ ತೆಗೆದೆ. ಅವಳು ಗೋಡೆಗೆ ಕಿವಿ ಹಚ್ಚಿ ಮಲಗಿದ್ದಳು, ಹಾಗಾಗಿ