ಯಾರನ್ನು ಎಣಿಸುತ್ತೇವೆ?

ಹಾವೇರಿ ಜಿಲ್ಲೆಯ ಗರ್ಭಿಣಿಯರಲ್ಲಿ ರಕ್ತಹೀನತೆ ಎಷ್ಟಿದೆಯೆಂದು ತಿಳಿಯಲು ಆಸ್ಪತ್ರೆಗೆ ಬಂದವರನ್ನಷ್ಟೇ ಪರೀಕ್ಷಿಸಿದರೆ, ಕೂಲಿ ಬಿಟ್ಟು ಬರಲಾಗದವರು, ಬಸ್ಸಿಲ್ಲದ ಊರಿನವರು ಲೆಕ್ಕದಿಂದ ಹೊರಗುಳಿಯುತ್ತಾರೆ. ಎಷ್ಟೇ ಹೆಚ್ಚು ಜನರನ್ನು ಪರೀಕ್ಷಿಸಿದರೂ ಈ ವಾಲಿಕೆ ಸರಿಹೋಗದು. ನನ್ನ ಮಟ್ಟಿಗೆ ಇದು ಗಣಿತದಷ್ಟೇ ನ್ಯಾಯದ ಪ್ರಶ್ನೆಯೂ ಹೌದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಗ್ರಾಮೀಣ ಪ್ರದೇಶದಲ್ಲಿ ಮೊದಲು ಹಳ್ಳಿಗಳನ್ನು, ದೊಡ್ಡ ಹಳ್ಳಿಗೆ ಆಯ್ಕೆಯಾಗುವ ಅವಕಾಶ ಹೆಚ್ಚಿರುವಂತೆ ಆರಿಸಿ, ಬಳಿಕ ಆಯ್ದ ಪ್ರತಿ ಹಳ್ಳಿಯ ಮನೆಗಳ ಪಟ್ಟಿ ಮಾಡಿ, ಅದರಿಂದ 22 ಮನೆಗಳನ್ನು ಯಾದೃಚ್ಛಿಕವಾಗಿ, ಅಂದರೆ ಯಾರ ಇಷ್ಟಕ್ಕೂ ಬಿಡದೆ ಆಕಸ್ಮಿಕವಾಗಿ, ತೆಗೆದುಕೊಂಡಿತು. ಒಮ್ಮೆ ನಡೆಯುವ ಇಂಥ ಸಮೀಕ್ಷೆ ಈಗ ಎಷ್ಟು ಜನರಿಗೆ ತೊಂದರೆಯಿದೆ ಎಂಬುದನ್ನು ಹೇಳೀತೇ ಹೊರತು, ವರ್ಷಕ್ಕೆ ಹೊಸದಾಗಿ ಎಷ್ಟು ಜನರಿಗೆ ಬರುತ್ತಿದೆ ಎಂಬುದನ್ನಲ್ಲ. ಆಯ್ಕೆಯಾದ ಮನೆಗೆ ಬೀಗವಿದ್ದರೆ ಪಕ್ಕದ ಮನೆಯನ್ನು ಸೇರಿಸಿಕೊಳ್ಳದೆ ಅದೇ ಬಾಗಿಲಿಗೆ ಮತ್ತೆ ಹೋಗಬೇಕು, ಏಕೆಂದರೆ ಹಗಲೆಲ್ಲ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುವವರ ಆರೋಗ್ಯ ಮನೆಯಲ್ಲಿರುವವರ ಆರೋಗ್ಯದಂತೆಯೇ ಇರಬೇಕೆಂದಿಲ್ಲ.